ಮೈಮೇಲಿನ ಶಿಲುಬೆ: ಒಂದು ಗುರುತು, ಹಲವು ಓದು

ಡಂಬಳದ ರೊಟ್ಟಿ ಜಾತ್ರೆಯಿರಲಿ, ಗದಗಿನ ತೋಂಟದಾರ್ಯ ಜಾತ್ರೆಯಿರಲಿ, ಬಳೆ ಅಂಗಡಿಗಳ ಸಾಲು ಮುಗಿಯುವ ಕಡೆ ಹಚ್ಚೆ ಹಾಕುವವರು ಕೂತಿರುತ್ತಾರೆ. ಒಂದು ಚಾಪೆ, ಬ್ಯಾಟರಿಗೆ ಕಟ್ಟಿದ ಸಣ್ಣ ಮಷೀನ್, ಬಣ್ಣದ ಬಾಟಲಿ, ಹಿಂದೆ ಪ್ಲಾಸ್ಟಿಕ್ ಹೊದಿಸಿದ ನಮೂನೆಗಳ ಹಲಗೆ. ಅದರ ಮೇಲೆ ಓಂ, ತ್ರಿಶೂಲ, ಚೇಳು, ಗುಲಾಬಿ, ಹೃದಯ, ‘ಅವ್ವ’, ‘ಅಪ್ಪ’. ಇವುಗಳ ನಡುವೆ ಎಲ್ಲೋ ಒಂದು ಶಿಲುಬೆ ಇದ್ದೇ ಇರುತ್ತದೆ. ಅದನ್ನು ಬೆರಳಿಟ್ಟು ತೋರಿಸುವವರಲ್ಲಿ ಬೆಟಗೇರಿಯ ಕ್ರೈಸ್ತ ಮನೆತನದ ಹುಡುಗನೂ ಇರಬಹುದು, ಚರ್ಚಿನ ಮೆಟ್ಟಿಲನ್ನೇ ಹತ್ತದವನೂ ಇರಬಹುದು. ಒಬ್ಬನಿಗೆ ಅದು ಅಜ್ಜ-ಮುತ್ತಜ್ಜರ ನಂಬಿಕೆ, ಇನ್ನೊಬ್ಬನಿಗೆ ನೆಚ್ಚಿನ ಆಟಗಾರನ ತೋಳಿನ ಮೇಲೆ ಕಂಡ ಚಿತ್ರ.

ಶಿಲುಬೆಯನ್ನು ಮೈಮೇಲೆ ಬರೆಸಿಕೊಳ್ಳಬಹುದೇ? ಬರೆಸಿಕೊಂಡರೆ ಯಾವ ಶಿಲುಬೆ, ಎಲ್ಲಿ? ಅದರ ಅರ್ಥವನ್ನು ನಿರ್ಧರಿಸುವವರು ಯಾರು: ಧರ್ಮಗ್ರಂಥವೋ, ಚುಚ್ಚುವವರೋ, ಚುಚ್ಚಿಸಿಕೊಂಡವರೋ, ನೋಡುವವರೋ? ನೂರಾರು ವರ್ಷಗಳಿಂದ ಹಲವು ನಾಡುಗಳಲ್ಲಿ ನಡೆದ ಈ ವಾದಕ್ಕೆ ನಮ್ಮ ಹಚ್ಚೆಯ ಪರಂಪರೆ ತನ್ನದೇ ಸಾಕ್ಷ್ಯ ಸೇರಿಸುತ್ತದೆ. ಶಿಲುಬೆಯ ಬಗ್ಗೆ ಪಶ್ಚಿಮದವರು ಬರೆದದ್ದನ್ನಷ್ಟೇ ಓದಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಅರ್ಧ ಕೆಲಸ ಮಾಡಿದಂತೆ ಎಂಬುದು ನನ್ನ ನಂಬಿಕೆ.

ಹಣಚಿ ಬೊಟ್ಟಿನ ಕಾಲ

ನಮ್ಮ ಭಾಗದಲ್ಲಿ ಹಚ್ಚೆ ಮೊದಲಿನಿಂದಲೂ ಹೆಣ್ಣುಮಕ್ಕಳದು. ಹಣೆಗೆ, ಗದ್ದಕ್ಕೆ, ಕೆನ್ನೆಗೆ ಹಣಚಿ ಬೊಟ್ಟು. ಮುಂಗೈಗೆ ತುಳಸಿ, ತೊಟ್ಟಿಲು, ಚೇಳು, ರಂಗೋಲಿಯ ಎಳೆ. ಕೆಲವರಿಗೆ ಗಂಡನ ಹೆಸರು. ಬಾಯಿಬಿಟ್ಟು ಗಂಡನ ಹೆಸರು ಹೇಳಬಾರದೆಂದು ನಡೆದುಕೊಂಡ ತಲೆಮಾರಿನ ಹೆಂಗಸರು ಅದೇ ಹೆಸರನ್ನು ಮುಂಗೈ ಮೇಲೆ ಬದುಕಿಡೀ ಹೊತ್ತರು. ಕಪ್ಪತಗುಡ್ಡದ ಸೆರಗಿನ ತಾಂಡಾಗಳ ಲಂಬಾಣಿ ಅಜ್ಜಿಯರ ಕೈ ಮತ್ತು ಮುಖದ ಮೇಲಿನ ಚುಕ್ಕೆಗಳದು ಇನ್ನೊಂದು ದೊಡ್ಡ ಪರಂಪರೆ.

ಚುಚ್ಚುವ ಕೆಲಸ ಕೊರವರ ಹೆಣ್ಣುಮಕ್ಕಳದಾಗಿತ್ತು. ಊರೂರು ತಿರುಗಿ, ಕಣಿ ಹೇಳಿ, ಬುಟ್ಟಿ ಮಾರಿ, ಕೇಳಿದವರಿಗೆ ಹಚ್ಚೆ ಹಾಕಿ ಜೋಳವನ್ನೋ ಹಳೆ ಸೀರೆಯನ್ನೋ ಪಡೆಯುತ್ತಿದ್ದರು. ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 19ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ಹಚ್ಚೆಯ ಬಗ್ಗೆ ವಿವರವಾಗಿ ಬರೆದ. ಅವನು ದಾಖಲಿಸಿದ ಬಣ್ಣದ ತಯಾರಿ ಹೀಗಿದೆ: ಅರಿಸಿನ ಪುಡಿಯನ್ನೂ ಅಗಸೆ ಮರದ ಎಲೆಯನ್ನೂ ಅರೆದು, ಬಟ್ಟೆಯಲ್ಲಿ ಸುತ್ತಿ ಬತ್ತಿ ಮಾಡಿ ಉರಿಸಿ, ಮೇಲೆ ಬೋರಲಿಟ್ಟ ಮಡಕೆಗೆ ಹತ್ತಿದ ಮಸಿಯನ್ನು ಕೆರೆದು ನೀರಿನಲ್ಲೋ ಎದೆಹಾಲಿನಲ್ಲೋ ಕಲಸುವುದು. ಕಟ್ಟಿದ ಸೂಜಿಗಳಿಂದ ಆ ಮಸಿಯನ್ನು ಚರ್ಮದೊಳಕ್ಕೆ ಇಳಿಸುವುದು. ಕಪ್ಪಾಗಿ ಇಳಿದ ಮಸಿ ವಾರಗಳಲ್ಲಿ ಹಸಿರು-ನೀಲಿಗೆ ತಿರುಗುತ್ತದೆ.

ಯಾಕೆ ಚುಚ್ಚಿಸಿಕೊಳ್ಳುತ್ತಿದ್ದರು? ಮುಂಡರಗಿ ಕಡೆಯ ಯಾವ ಹಿರಿಯ ಹೆಣ್ಣುಮಗಳನ್ನು ಕೇಳಿದರೂ ಸಿಗುವ ಮಾತು ಒಂದೇ: “ಸತ್ತ ಮ್ಯಾಲ ಮೈಮ್ಯಾಲಿನ ಬಂಗಾರ ಬಿಚ್ಚಿಕೋತಾರ, ಹಚ್ಚಿ ಯಾರೂ ಬಿಚ್ಚಿಕೊಳ್ಳಾಕ ಬರಂಗಿಲ್ಲ.” ಜೊತೆಗೆ ಬರುವ ಏಕೈಕ ಒಡವೆ ಎಂಬ ಈ ನಂಬಿಕೆಯ ಪಕ್ಕಕ್ಕೆ ಬೇರೆ ಕಾರಣಗಳೂ ನಿಲ್ಲುತ್ತವೆ. ದೃಷ್ಟಿ ತಾಗದಿರಲಿ ಎಂಬುದು ಒಂದು. ಕೀಲುನೋವು ಹೋಗುತ್ತದೆ ಎಂಬುದು ಇನ್ನೊಂದು. ಇಂಥ ಕುಲದವಳು, ಇಂಥ ಊರಿನ ಸೊಸೆ ಎಂದು ತಿಳಿಯಲಿ ಎಂಬುದು ಮತ್ತೊಂದು. ಚೆಂದ ಕಾಣುತ್ತದೆ ಎಂಬ ಸರಳ ಕಾರಣವನ್ನೂ ಬಿಡುವಂತಿಲ್ಲ. ಜನಪದ ಅಧ್ಯಯನಕಾರರು ಇವುಗಳಲ್ಲಿ ಯಾವುದಾದರೂ ಒಂದನ್ನು ಮೂಲ ಕಾರಣವೆಂದು ಎತ್ತಿ ಹಿಡಿಯುವುದುಂಟು. ಚುಚ್ಚಿಸಿಕೊಂಡ ಹೆಣ್ಣುಮಕ್ಕಳು ಹಾಗೆ ಬಿಡಿಸಿ ಹೇಳುವುದಿಲ್ಲ. ಅವರಿಗೆ ಒಂದೇ ಚುಕ್ಕೆಯಲ್ಲಿ ಎಲ್ಲವೂ ಇದೆ. ಶಿಲುಬೆಯ ವಾದಕ್ಕೆ ಹೋಗುವಾಗ ಇದನ್ನು ಕೈಯಲ್ಲಿ ಹಿಡಿದೇ ಹೋಗಬೇಕು.

ಕ್ರಿಸ್ತನಿಗಿಂತ ಹಿಂದಿನ ಅಡ್ಡಗೆರೆ

ಎರಡು ಗೆರೆ ಒಂದನ್ನೊಂದು ಹಾಯುವ ಗುರುತು ಯಾವ ಒಂದು ಧರ್ಮದ ಆಸ್ತಿಯೂ ಆಗಿರಲಿಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ‘ಓಟ್ಜಿ’ ಎಂಬ ಮನುಷ್ಯನ ದೇಹದ ಮೇಲೆ 61 ಹಚ್ಚೆಗಳಿವೆ. ಬಹುಪಾಲು ಸಾಲುಗೆರೆಗಳು, ಮೊಣಕಾಲಿನ ಬಳಿ ಮತ್ತು ಹಿಮ್ಮಡಿಯ ಬಳಿ ಮಾತ್ರ ಅಡ್ಡ-ಉದ್ದ ಕೂಡಿದ ಗುರುತು. ಸವೆದ ಕೀಲುಗಳ ಹತ್ತಿರವೇ ಇವು ಇರುವುದರಿಂದ ನೋವಿಗೆ ಮಾಡಿದ ಮದ್ದು ಇದು ಎನ್ನುತ್ತಾರೆ ಹಲವು ವಿದ್ವಾಂಸರು. ನಮ್ಮ ಅಜ್ಜಿಯರ ಕೀಲುನೋವಿನ ಮಾತಿಗೂ ಇದಕ್ಕೂ ಇರುವ ಹೋಲಿಕೆ ಗಮನಿಸುವಂಥದು.

ದೂರ ಹೋಗುವುದೂ ಬೇಡ. ಪಕ್ಕದ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನವಿದೆ. ಅಲ್ಲಿನ ಬ್ರಾಹ್ಮಿ ಲಿಪಿಯಲ್ಲಿ ‘ಕ’ ಅಕ್ಷರವೆಂದರೆ ಸಮನಾದ ಎರಡು ಗೆರೆಗಳು ನಡುವೆ ಹಾಯುವ ಕೂಡುಗುರುತು. ಇವತ್ತು ಅದನ್ನು ಯಾರಾದರೂ ಮುಂಗೈಗೆ ಬರೆಸಿಕೊಂಡರೆ ನೋಡಿದವರು ಶಿಲುಬೆ ಎಂದೇ ಓದುತ್ತಾರೆ. ಡಂಬಳದ ದೊಡ್ಡಬಸಪ್ಪ ಗುಡಿಯ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಚೌಕವೊಂದನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುತ್ತ ಹೋಗಿ 12ನೇ ಶತಮಾನದ ಶಿಲ್ಪಿಗಳು ಆ ಆಕಾರ ತೆಗೆದರು. ನಡುಬಿಂದು, ಅದನ್ನು ಹಾಯುವ ಗೆರೆ, ನಾಲ್ಕು ದಿಕ್ಕು. ರಂಗೋಲಿ ಹಾಕುವ ಕೈಗೂ ಹಚ್ಚೆ ಹಾಕುವ ಕೈಗೂ ಇದು ಹೊಸತೇನಲ್ಲ.

ಡಂಬಳವೇ ಇನ್ನೊಂದು ಪಾಠ ಕಲಿಸುತ್ತದೆ. ಇಲ್ಲಿ ಸಿಕ್ಕ 1095ರ ಶಾಸನದಲ್ಲಿ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ಮಾತಿದೆ, ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರದ ಮಾತಿದೆ. ತಾರೆಯನ್ನು ಪೂಜಿಸಿದ ಆ ವ್ಯಾಪಾರಿಗಳ ಸಮುದಾಯ ಇಂದು ಇಲ್ಲ. ಕಲ್ಲು ಉಳಿದಿದೆ, ಅದನ್ನು ತಮ್ಮದೆಂದು ಓದುವವರು ಉಳಿದಿಲ್ಲ. ಗುರುತಿನ ಅರ್ಥ ಗುರುತಿನೊಳಗೆ ಕೂತಿರುವುದಿಲ್ಲ, ಅದನ್ನು ಓದಬಲ್ಲ ಜನರಲ್ಲಿ ಇರುತ್ತದೆ. ಶಿಲುಬೆಯ ಹಚ್ಚೆಯ ಇತಿಹಾಸವೆಲ್ಲ ಈ ಮಾತಿಗೆ ಸಾಕ್ಷಿ.

ಶಿಲುಬೆ ಚರ್ಮಕ್ಕಿಳಿದ ದಾರಿ

ಶಿಲುಬೆ ಮೊದಲಿಗೆ ಕೊಲ್ಲುವ ಸಾಧನ. ರೋಮನ್ನರು ಗುಲಾಮರನ್ನೂ ಬಂಡುಕೋರರನ್ನೂ ಅದಕ್ಕೆ ಏರಿಸುತ್ತಿದ್ದರು. ಆದ್ದರಿಂದಲೇ ಮೊದಲ ಶತಮಾನಗಳ ಕ್ರೈಸ್ತರು ಮೀನು, ಲಂಗರುಗಳಂಥ ಗುರುತುಗಳನ್ನು ಹೆಚ್ಚಾಗಿ ಬಳಸಿದರು. 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಿಂದ ಮುಂದಕ್ಕೆ ಶಿಲುಬೆ ಸಾರ್ವಜನಿಕ ಚಿಹ್ನೆಯಾಯಿತು. ಅಪರಾಧಿಗಳ ಮುಖಕ್ಕೆ ಹಚ್ಚೆ ಚುಚ್ಚಬಾರದೆಂದು ಕಾನೂನು ಮಾಡಿದವನೂ ಅವನೇ. ಮುಖ ದೇವರ ಪ್ರತಿರೂಪ ಎಂಬುದು ಕೊಟ್ಟ ಕಾರಣ.

ಅಲ್ಲಿಂದ ಮುಂದೆ ಶಿಲುಬೆ ಹಚ್ಚೆ ಬೆಳೆದದ್ದು ಹೆಚ್ಚಾಗಿ ಒತ್ತಡದಲ್ಲಿ ಬದುಕಿದ ಕ್ರೈಸ್ತರ ನಡುವೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಲಗೈ ಮಣಿಕಟ್ಟಿನ ಒಳಮೈಗೆ ಸಣ್ಣ ಶಿಲುಬೆ ಚುಚ್ಚಿಸಿಕೊಳ್ಳುತ್ತಾರೆ. ಎಳೆಯ ಮಕ್ಕಳಿಗೂ ಹಾಕಿಸುತ್ತಾರೆ. ಚರ್ಚಿನ ಬಾಗಿಲಲ್ಲಿ ಮಣಿಕಟ್ಟು ತೋರಿಸಿ ಒಳಗೆ ಹೋಗುವ ರೂಢಿಯೂ ಇದೆ. ಇಥಿಯೋಪಿಯಾದ ಎತ್ತರದ ಸೀಮೆಯ ಹೆಂಗಸರು ಹಣೆಗೇ ಹಾಕಿಸಿಕೊಳ್ಳುತ್ತಿದ್ದರು. ಬೋಸ್ನಿಯಾದ ಕ್ಯಾಥೊಲಿಕ್ ಹೆಣ್ಣುಮಕ್ಕಳ ಕಥೆ ನಮಗೆ ಇನ್ನೂ ಹತ್ತಿರದ್ದು. ತುರ್ಕರ ಆಳ್ವಿಕೆಯಲ್ಲಿ ಅವರ ಕೈ, ಬೆರಳು, ಎದೆಗಳ ಮೇಲೆ ಶಿಲುಬೆ ಮತ್ತು ತೆನೆಗಳ ಮಾದರಿ ಮೂಡಿದವು. ಚುಚ್ಚುವವರು ಹೆಂಗಸರೇ. ಬಣ್ಣ ಮಸಿಯದು, ಕಲಸಿದ್ದು ಎದೆಹಾಲಿನಲ್ಲಿ. ಒಂದನ್ನೊಂದು ಕಂಡರಿಯದ ಎರಡು ನಾಡಿನ ಹೆಂಗಸರು ಒಂದೇ ಬಗೆಯ ಬಣ್ಣ ಕಂಡುಕೊಂಡಿದ್ದರು ಎಂಬುದು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ಯಾತ್ರಿಕರದು ಬೇರೆ ದಾರಿ. ಜೆರುಸಲೇಮಿಗೆ ಹೋದವರು ಹೋಗಿಬಂದದ್ದಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದರು. ಸ್ಕಾಟ್ಲೆಂಡಿನ ವಿಲಿಯಂ ಲಿತ್ಗೋ 1612ರಲ್ಲಿ ಹಾಕಿಸಿಕೊಂಡದ್ದನ್ನು ತಾನೇ ಬರೆದಿಟ್ಟಿದ್ದಾನೆ. ಮುಂದೆ ಏಳನೇ ಎಡ್ವರ್ಡ್ ಎಂದು ರಾಜನಾದ ಬ್ರಿಟಿಷ್ ಯುವರಾಜ 1862ರಲ್ಲಿ ಹಾಕಿಸಿಕೊಂಡ. ಅಲ್ಲಿನ ಕಾಪ್ಟಿಕ್ ಮೂಲದ ಕುಟುಂಬವೊಂದು ಮರದ ಅಚ್ಚುಗಳಿಂದ ಮೊದಲು ಚರ್ಮದ ಮೇಲೆ ಮಾದರಿ ಒತ್ತಿ, ಆಮೇಲೆ ಚುಚ್ಚುವ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದಿದೆ. ಆ ಅಚ್ಚುಗಳನ್ನು ಜಾನ್ ಕಾರ್ಸ್‌ವೆಲ್ 1958ರ ತನ್ನ ಪುಸ್ತಕದಲ್ಲಿ ಒಂದೊಂದಾಗಿ ದಾಖಲಿಸಿದ. ಇಂದು ಅಂಗಡಿಗಳಲ್ಲಿ ಸಿಗುವ ಎಷ್ಟೋ ಶಿಲುಬೆ ನಮೂನೆಗಳ ಬೇರು ಅಲ್ಲಿದೆ.

ನಮ್ಮ ದಕ್ಷಿಣ ಭಾರತದಲ್ಲಿ? ಥರ್ಸ್ಟನ್ 1898ರಲ್ಲಿ ಮದ್ರಾಸಿನ ಆಂಗ್ಲೋ-ಇಂಡಿಯನ್ ಗಂಡಸರ ಹಚ್ಚೆಗಳ ಪಟ್ಟಿ ಮಾಡಿದ. ಲಂಗರು, ದೋಣಿ, ಆನೆ, ಕತ್ತಿಗಳ ಜೊತೆ ಶಿಲುಬೆಯೂ ಅದರಲ್ಲಿದೆ. ಊರ ಹೆಂಗಸರಿಗೆ ಹಣಚಿ ಬೊಟ್ಟು ಹಾಕುತ್ತಿದ್ದ ಕೊರವ ಹೆಣ್ಣುಮಕ್ಕಳ ದಾರಿಯೂ ಬಂದರು-ಬ್ಯಾರಕ್ಕುಗಳ ದಾರಿಯೂ ಆ ಕಾಲದಲ್ಲೇ ಅಕ್ಕಪಕ್ಕ ಸಾಗಿದ್ದವು.

ಗದಗ ಸೀಮೆಗೆ ಕ್ರೈಸ್ತ ಧರ್ಮ ಗಟ್ಟಿಯಾಗಿ ಬಂದದ್ದು ಬಾಸೆಲ್ ಮಿಷನ್ನಿನಿಂದ. ಮಂಗಳೂರಿನಲ್ಲಿ 1834ರಲ್ಲಿ ನೆಲೆಯೂರಿದ ಆ ಮಿಷನ್ ಧಾರವಾಡ, ಹುಬ್ಬಳ್ಳಿಗಳ ನಂತರ 1841ರಲ್ಲಿ ಬೆಟಗೇರಿಗೂ ಹತ್ತಿರದ ಮಲಸಮುದ್ರಕ್ಕೂ ಬಂತು. ಶಾಲೆ ಬಂತು, ಜರ್ಮನ್ ಆಸ್ಪತ್ರೆ ಎಂದು ಜನ ಇಂದಿಗೂ ಕರೆಯುವ ಆಸ್ಪತ್ರೆ ಬಂತು. ಆ ಪ್ರೊಟೆಸ್ಟೆಂಟ್ ಪಂಥಕ್ಕೆ ಪ್ರತಿಮೆ, ಮುದ್ರೆಗಳ ಆಡಂಬರ ಹಿಡಿಸುತ್ತಿರಲಿಲ್ಲ. ಅದಕ್ಕೆ ವಚನ ಓದುವುದು, ಹಾಡುವುದು, ದುಡಿಯುವುದು ಮುಖ್ಯ. ಈ ಸೀಮೆಯ ಹಳೆಯ ಕ್ರೈಸ್ತ ಮನೆಗಳಲ್ಲಿ ಶಿಲುಬೆ ಗೋಡೆಗೆ ಬಂತು, ಕೊರಳಿಗೆ ಬಂತು. ಚರ್ಮಕ್ಕೆ ಬಂದದ್ದು ಈಗಿನ ತಲೆಮಾರಿನಲ್ಲಿ, ಅದೂ ಮಷೀನ್ ಮೂಲಕ.

ಬೇಡ ಎನ್ನುವವರು, ಬೇಕು ಎನ್ನುವವರು

ಬೇಡ ಎನ್ನುವವರ ಆಧಾರ ಬೈಬಲಿನ ಯಾಜಕಕಾಂಡ 19:28. ಸತ್ತವರಿಗಾಗಿ ದೇಹ ಗಾಯ ಮಾಡಿಕೊಳ್ಳುವುದನ್ನೂ ಮೈಮೇಲೆ ಗುರುತು ಹಾಕಿಸಿಕೊಳ್ಳುವುದನ್ನೂ ಅದು ಒಟ್ಟಿಗೇ ನಿಷೇಧಿಸುತ್ತದೆ. ಉತ್ತರ ಕರ್ನಾಟಕದ ಹಲವು ಸಭೆಗಳ ಪಾದ್ರಿಗಳು ಇದನ್ನೇ ಮುಂದಿಡುತ್ತಾರೆ. ದೇಹ ದೇವರ ಆಲಯ, ಅದನ್ನು ಗೀಚಬಾರದು ಎಂಬುದು ಅವರ ನಿಲುವು. ಈ ಓದಿನ ಬಲ ಅದರ ನೇರತನದಲ್ಲಿದೆ. ಆದರೆ ಅದೇ ಅಧ್ಯಾಯ ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ತೊಡಬೇಡವೆಂದೂ ಹೇಳುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದೇಕೆ ಎಂಬ ಪ್ರಶ್ನೆಗೆ ಈ ಪಕ್ಷ ಸಮಾಧಾನಕರ ಉತ್ತರ ಕೊಟ್ಟದ್ದು ಕಡಿಮೆ.

ಎರಡನೆಯ ಪಕ್ಷ ಉದ್ದೇಶ ನೋಡು ಎನ್ನುತ್ತದೆ. 787ರಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾದಲ್ಲಿ ಸೇರಿದ ಧರ್ಮಸಭೆ ಹಳೆಯ ದೇವತೆಗಳ ರೀತಿಯಲ್ಲಿ ಮೈಗೆ ಬಣ್ಣ ಚುಚ್ಚಿಸಿಕೊಳ್ಳುವುದನ್ನು ಖಂಡಿಸಿತು, ದೇವರಿಗಾಗಿ ಆ ನೋವು ತಡೆದರೆ ಫಲವುಂಟು ಎಂದಿತು. ಸಂತ ಪೌಲ ಗಲಾತ್ಯದವರಿಗೆ ಬರೆದ ಪತ್ರದ ಕೊನೆಯಲ್ಲಿ ಯೇಸುವಿನ ಗುರುತುಗಳನ್ನು ತನ್ನ ದೇಹದ ಮೇಲೆ ಹೊತ್ತಿದ್ದೇನೆ ಎನ್ನುವ ಮಾತನ್ನೂ ಈ ಪಕ್ಷದವರು ಆಧಾರವಾಗಿ ತರುತ್ತಾರೆ. ಪೌಲ ಹೇಳಿದ್ದು ಹಚ್ಚೆಯನ್ನಲ್ಲ, ತಾನು ತಿಂದ ಹೊಡೆತಗಳ ಕಲೆಗಳನ್ನು ಎಂಬುದೇ ಹೆಚ್ಚಿನವರ ಓದು, ನನಗೂ ಅದೇ ಸರಿ ಕಾಣುತ್ತದೆ.

ಮೂರನೆಯದು ಸಾಕ್ಷಿಯ ಪಕ್ಷ. ಕಾಪ್ಟಿಕ್ ತಾಯಿಗೆ ಗ್ರಂಥದ ವ್ಯಾಖ್ಯಾನ ಮುಖ್ಯವಲ್ಲ. ಮಗು ಕಳೆದುಹೋದರೆ, ಯಾರಾದರೂ ಎತ್ತಿಕೊಂಡು ಹೋದರೆ, ಸತ್ತರೆ ಇದು ನಮ್ಮ ಮಗು ಎಂದು ತಿಳಿಯಬೇಕು. ಗುರುತು ಅಳಿಸಲಾಗದು ಎಂಬುದೇ ಇಲ್ಲಿ ಗುರುತಿನ ಅರ್ಥ. ಶಿಲುಬೆ ಹಚ್ಚೆಯನ್ನು ಕುರಿತ ಎಲ್ಲ ವಿವರಣೆಗಳಲ್ಲಿ ಹೆಚ್ಚು ಭಾರವಿರುವುದು ಇದಕ್ಕೇ ಎಂದು ನನಗನ್ನಿಸುತ್ತದೆ, ಯಾಕೆಂದರೆ ಇದಕ್ಕೆ ತೆತ್ತ ಬೆಲೆ ದೊಡ್ಡದು.

ನಾಲ್ಕನೆಯ ಪಕ್ಷ ಈ ಕಾಲದ್ದು: ನನ್ನ ಮೈ, ನನ್ನ ಅರ್ಥ. ತೀರಿಹೋದ ತಾಯಿಯ ನೆನಪಿಗೆ ಶಿಲುಬೆ, ಕುಡಿತ ಬಿಟ್ಟ ದಿನದ ಗುರುತಿಗೆ ಶಿಲುಬೆ, ಚೆಂದಕ್ಕೆ ಶಿಲುಬೆ. ಕರ್ನಾಟಕದಲ್ಲಿ ಹಚ್ಚೆ ಹೆಂಗಸರ ಮುಂಗೈಯಿಂದ ಗಂಡು ಹುಡುಗರ ತೋಳಿಗೆ ಹೇಗೆ ದಾಟಿತೆಂಬುದನ್ನು 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಾಡೆಲ್ಲ ಕಂಡಿತು. ಅಪ್ಪುವಿನ ಮುಖವನ್ನು ಅದೆಷ್ಟೋ ಅಭಿಮಾನಿಗಳು ಎದೆ-ತೋಳುಗಳ ಮೇಲೆ ಬರೆಸಿಕೊಂಡರು. ಆ ದುಃಖ ನಿಜವಾಗಿತ್ತು. ಹಾಗಾಗಿ ಈ ಪಕ್ಷವನ್ನು ಬರಿಯ ಫ್ಯಾಷನ್ ಎಂದು ತಳ್ಳಿಹಾಕುವವರ ಜೊತೆ ನಾನು ನಿಲ್ಲಲಾರೆ. ಅದರ ಕೊರತೆ ಬೇರೆ ಕಡೆ ಇದೆ: ಅರ್ಥ ಕೊಟ್ಟವನು ಒಬ್ಬ, ದಿನವೂ ಓದುವವರು ಊರೆಲ್ಲ.

ವಿಭೂತಿ, ಮುದ್ರೆ, ಹಚ್ಚೆ

ಈ ನಾಲ್ಕೂ ಪಕ್ಷಗಳು ಹೊರಗಿನಿಂದ ಬಂದವು. ದೇಹವನ್ನು ಗುರುತು ಮಾಡುವುದರ ಬಗ್ಗೆ ನಮ್ಮ ನೆಲದಲ್ಲಿ ನಡೆದ ವಿಚಾರವೂ ಕಡಿಮೆಯದಲ್ಲ. ಲಿಂಗಾಯತರ ವಿಭೂತಿ ದಿನವೂ ಧರಿಸಬೇಕಾದದ್ದು; ತೊಳೆದರೆ ಹೋಗುತ್ತದೆ, ಮರುದಿನ ಮತ್ತೆ ನೆನೆದು ಹಚ್ಚಿಕೊಳ್ಳಬೇಕು. ಇಷ್ಟಲಿಂಗ ಮೈಮೇಲಿದ್ದರೂ ಅಂಗೈಗೆ ತಂದು ನೋಡಬೇಕು. ಮಾಧ್ವರ ತಪ್ತಮುದ್ರೆ ಇನ್ನೊಂದು ಬಗೆ: ಆಷಾಢದ ಶಯನೀ ಏಕಾದಶಿಯಂದು ಕಾಯಿಸಿದ ಶಂಖ-ಚಕ್ರದ ಅಚ್ಚನ್ನು ಸ್ವಾಮಿಗಳು ಭಕ್ತರ ತೋಳಿಗೆ ಒತ್ತುತ್ತಾರೆ. ಗುರುತು ಕೆಲವು ಕಾಲ ನಿಂತು ಮಾಸುತ್ತದೆ, ಬರುವ ವರ್ಷ ಮತ್ತೆ ಮಠಕ್ಕೆ ಹೋಗಬೇಕು. ಕ್ರೈಸ್ತರಲ್ಲೂ ಬೂದಿ ಬುಧವಾರ ಹಣೆಗೆ ಬೂದಿಯ ಶಿಲುಬೆ ಇಡುತ್ತಾರೆ, ಸಂಜೆಗೆ ಅಳಿದುಹೋಗುತ್ತದೆ.

ಇವೆಲ್ಲ ಮರುಕಳಿಸುವ ಗುರುತುಗಳು, ಪ್ರತಿ ಸಲವೂ ಹೊಸದಾಗಿ ಮನಸ್ಸು ಮಾಡಬೇಕು. ಹಚ್ಚೆಯಲ್ಲಿ ಒಂದೇ ಸಲ ಮನಸ್ಸು ಮಾಡಿದರಾಯಿತು. ಹೀಗಿರುವಾಗ ನಂಬಿಕೆಗೆ ತಕ್ಕದ್ದು ಯಾವುದು? ದಿನವೂ ಹಚ್ಚಿಕೊಳ್ಳುವುದೋ, ಎಂದೂ ಅಳಿಸಲಾರದ್ದೋ? ಶಿಲುಬೆ ಹಚ್ಚೆಗೆ ಹೊರಟ ಯಾರಿಗಾದರೂ ಮೊದಲು ಕೇಳಿಕೊಳ್ಳಿ ಎಂದು ನಾನು ಹೇಳುವ ಪ್ರಶ್ನೆ ಇದು. ಉತ್ತರ ದಿನನಿತ್ಯದ ಕಡೆ ವಾಲಿದರೆ ಕೊರಳಿನ ಸರ ಸಾಕು.

ಯಾವ ಶಿಲುಬೆ, ಯಾವ ಕಡೆ ಮುಖ

ಚುಚ್ಚಿಸಿಕೊಳ್ಳುವುದೇ ಸೈ ಎಂದರೆ ಮುಂದಿನದು ವಿನ್ಯಾಸ. ಉದ್ದದ ಕೆಳಗಾಲಿನ ಲ್ಯಾಟಿನ್ ಶಿಲುಬೆ ಎಲ್ಲರೂ ಬಲ್ಲದ್ದು. ಅದರ ಮೇಲೆ ಯೇಸುವಿನ ದೇಹವಿದ್ದರೆ ಕ್ಯಾಥೊಲಿಕ್ ಓದು, ಬರಿದಾಗಿದ್ದರೆ ಪುನರುತ್ಥಾನವನ್ನು ಮುಂದಿಡುವ ಪ್ರೊಟೆಸ್ಟೆಂಟ್ ಓದು. ನಾಲ್ಕೂ ತೋಳು ಸಮವಿರುವ ಗ್ರೀಕ್ ಶಿಲುಬೆ ಕಾಪ್ಟಿಕ್ ಮಾದರಿಗಳಿಗೆ ಹತ್ತಿರ. ನಡುವೆ ದೊಡ್ಡದೊಂದು, ಸುತ್ತ ನಾಲ್ಕು ಸಣ್ಣವು ಇರುವುದು ಜೆರುಸಲೇಮ್ ಶಿಲುಬೆ. ಅದು ಯಾತ್ರೆಯ ಗುರುತು, ಹಾಗೆಯೇ ಕ್ರುಸೇಡ್ ಯುದ್ಧಗಳ ನೆನಪನ್ನೂ ಹೊತ್ತಿದೆ. ವೃತ್ತ ಸುತ್ತಿದ ಕೆಲ್ಟಿಕ್ ಶಿಲುಬೆ ಐರ್ಲೆಂಡಿನ ಹಳೆಯ ಕಲ್ಲುಗಳಿಂದ ಬಂದದ್ದು. ಅದರ ಗಿಡ್ಡ ರೂಪವನ್ನು ಯುರೋಪು-ಅಮೆರಿಕದ ಬಿಳಿಯ ಜನಾಂಗವಾದಿಗಳು ತಮ್ಮ ಲಾಂಛನ ಮಾಡಿಕೊಂಡಿದ್ದಾರೆ, ಹೊರದೇಶಕ್ಕೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು. ತಲೆಕೆಳಗಾದ ಶಿಲುಬೆ ಮೂಲದಲ್ಲಿ ಸಂತ ಪೇತ್ರನ ವಿನಯದ ಗುರುತು, ಈಗಿನ ಸಿನಿಮಾ ನೋಡಿದವರಿಗೆ ಸೈತಾನನದು.

ಇವೆಲ್ಲದರ ನಡುವೆ ನಮ್ಮ ಹುಡುಗರು ಹೆಚ್ಚಾಗಿ ನೋಡಿರದ ಒಂದು ಮಾದರಿಯನ್ನು ನಾನು ಎತ್ತಿ ಹೇಳಬಯಸುತ್ತೇನೆ. ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿ 1547ರಲ್ಲಿ ಸಿಕ್ಕ ಕಲ್ಲಿನ ಶಿಲುಬೆ ಅದು. ಕೇರಳದ ಕೊಟ್ಟಾಯಂನಲ್ಲೂ ಅದರ ಒಡನಾಡಿಗಳಿವೆ. ಅಂಚಿನಲ್ಲಿ ಪಹ್ಲವಿ ಲಿಪಿ, ಮೇಲೆ ಪಾರಿವಾಳ, ಮೊಗ್ಗಿನಂಥ ತೋಳುತುದಿ, ಕೆಳಗೆ ಕಮಲದ ದಳಗಳಂತೆ ಹರಡಿದ ಪೀಠ. ಕ್ರಿಸ್ತನ ದೇಹ ಅದರಲ್ಲಿ ಇಲ್ಲ. ಪರ್ಷಿಯಾದ ಭಕ್ತಿ ಭಾರತದ ಉಳಿಯಲ್ಲಿ ಮೂಡಿದ ರೂಪ. ತಾನು ಕ್ರೈಸ್ತನೂ ಈ ನೆಲದವನೂ ಹೌದು ಎಂದು ಒಂದೇ ಗುರುತಿನಲ್ಲಿ ಹೇಳಬೇಕೆಂದವರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ನನಗೆ ತೋರದು.

ಮುಖದ ದಿಕ್ಕು ಸಣ್ಣ ವಿಷಯವೆಂದು ಬಿಡಬಾರದು. ಮುಂಗೈ ಚಾಚಿ ಕೂತವನಿಗೆ ಶಿಲುಬೆ ನೆಟ್ಟಗೆ ಕಾಣಬೇಕೆಂದರೆ ಅದರ ತಲೆ ಮಣಿಕಟ್ಟಿನ ಕಡೆ ಇರಬೇಕು. ಆದರೆ ಕೈ ಇಳಿಬಿಟ್ಟು ನಿಂತ ಕೂಡಲೇ ಅದು ತಲೆಕೆಳಗಾಗುತ್ತದೆ. ತಲೆ ಮೊಣಕೈ ಕಡೆ ಇದ್ದರೆ ನೋಡುವವರಿಗೆ ನೆಟ್ಟಗೆ, ತನಗೆ ತಿರುವುಮುರುವು. ಅನುಭವವಿರುವ ಕಲಾವಿದರು ಎರಡನೆಯದನ್ನೇ ಹೇಳುತ್ತಾರೆ. ಪ್ರಾರ್ಥನೆಗಾಗಿ ತನಗೇ ಕಾಣಬೇಕೆಂದು ಹಟವಿದ್ದವರು ಸಮತೋಳಿನ ಶಿಲುಬೆ ಆರಿಸಿಕೊಂಡರೆ ಈ ತೊಡಕೇ ಇರುವುದಿಲ್ಲ. ಅರ್ಥ ಧರಿಸಿದವನದೋ ನೋಡುವವರದೋ ಎಂಬ ದೊಡ್ಡ ವಾದವೇ ಇಲ್ಲಿ ಮುಂಗೈಯಷ್ಟು ಜಾಗದಲ್ಲಿ ಎದುರಾಗುತ್ತದೆ.

ಅಳತೆಯ ಮಾತೂ ಇದೆ. ಚರ್ಮದೊಳಗಿನ ಬಣ್ಣ ವರ್ಷ ಕಳೆದಂತೆ ಅಂಚಿನಲ್ಲಿ ಹರಡುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಜೆರುಸಲೇಮ್ ಶಿಲುಬೆ ಬರೆಸಿಕೊಂಡರೆ ಆ ನಾಲ್ಕು ಸಣ್ಣ ಶಿಲುಬೆಗಳು ಮುಂದೆ ನಾಲ್ಕು ಮಚ್ಚೆಗಳಾಗಿ ಉಳಿಯುತ್ತವೆ. ಸಣ್ಣದು ಬೇಕಾದರೆ ಗೆರೆ ಕಡಿಮೆಯಿರಲಿ. ಬಳ್ಳಿ, ಮಣಿಸರ, ಅಕ್ಷರ ಬೇಕಾದರೆ ಜಾಗ ಕೊಡಿ.

ನೌಕರಿಯ ಮಾತು ಈ ಭಾಗದ ಹುಡುಗರಿಗೆ ತುಂಬ ಮುಖ್ಯ. ಮುಂಡರಗಿ, ಶಿರಹಟ್ಟಿ ಮೈದಾನಗಳಲ್ಲಿ ಬೆಳಗಿನ ಜಾವ ಓಡುವ ಎಷ್ಟೋ ಮಂದಿಯ ಕಣ್ಣು ಸೇನೆಯ ಮೇಲಿದೆ, ಅರೆಸೇನಾ ಪಡೆಗಳ ಮೇಲಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಧಾರ್ಮಿಕ ಚಿಹ್ನೆ ಅಥವಾ ಹೆಸರಿನ ಹಚ್ಚೆಗೆ ಅವಕಾಶವಿದೆ, ಆದರೆ ಮುಂಗೈ ಒಳಮೈ ಅಥವಾ ಹಸ್ತದ ಹಿಂಬದಿಯಲ್ಲಿ ಮಾತ್ರ; ಮುಂಗೈಯಾದರೆ ಎಡಗೈ, ಯಾಕೆಂದರೆ ಬಲಗೈ ಸೆಲ್ಯೂಟ್ ಮಾಡುವ ಕೈ. ಅಳತೆ ಆ ಅಂಗದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಕಾಪ್ಟಿಕ್ ಪದ್ಧತಿ ಬಲಗೈ ಎನ್ನುತ್ತದೆ, ನೇಮಕಾತಿ ನಿಯಮ ಎಡಗೈ ಎನ್ನುತ್ತದೆ. ಕುತ್ತಿಗೆ, ಮುಖದ ಮೇಲಿನ ಶಿಲುಬೆ ಎಷ್ಟೇ ಸಣ್ಣದಿದ್ದರೂ ಆ ಬಾಗಿಲು ಮುಚ್ಚುತ್ತದೆ.

ಜಾತ್ರೆಯ ಮಷೀನಿಗೆ ಕೈ ಕೊಡುವ ಮುನ್ನ ಸೂಜಿ ನೋಡಿ. ಒಬ್ಬರಿಗೆ ಬಳಸಿದ ಸೂಜಿಯೋ, ಒಬ್ಬರ ರಕ್ತ ತಾಗಿದ ಬಣ್ಣದ ಡಬ್ಬಿಯೋ ಇನ್ನೊಬ್ಬರಿಗೆ ಹೋದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ದಾಟಬಹುದು. ನಮ್ಮ ದೇಶದ ರಕ್ತದಾನ ನಿಯಮದಲ್ಲಿ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತ ಕೊಡುವಂತಿಲ್ಲ ಎಂದಿರುವುದು ಇದೇ ಕಾರಣಕ್ಕೆ. ಹಚ್ಚೆಯ ಬಣ್ಣಗಳಲ್ಲಿ 22 ಬಗೆಯ ಅಪಾಯಕಾರಿ ಲೋಹಗಳು ಕಂಡಿವೆ, ಅವಕ್ಕೆ ಗುಣಮಟ್ಟ ಗೊತ್ತುಮಾಡುವಂತೆ ಕೇಂದ್ರಕ್ಕೆ ಬರೆಯುತ್ತೇವೆ ಎಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ಹೇಳಿದರು. ಯುರೋಪಿನ ಒಕ್ಕೂಟ 2022ರಿಂದಲೇ ಹಚ್ಚೆ ಬಣ್ಣಗಳ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ಕಪ್ಪು ಬಣ್ಣವನ್ನು ಲೇಸರ್‌ನಿಂದ ತೆಗೆಯುವುದು ಉಳಿದ ಬಣ್ಣಗಳಿಗಿಂತ ಸುಲಭ, ಅದಕ್ಕೂ ಹಲವು ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಹೆಚ್ಚು ಖರ್ಚು.

ಕಾಗದದ ಧರ್ಮ, ಚರ್ಮದ ಧರ್ಮ

ಪಟ್ಟಣದ ಲೇಖನಗಳು ಮುಟ್ಟದ ಒಂದು ಸಂಗತಿ ನಮ್ಮ ಹಳ್ಳಿಗಳಲ್ಲಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ, 1956ರ ತಿದ್ದುಪಡಿಯಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ. ದಲಿತ ಕ್ರೈಸ್ತರಿಗೆ ಇಲ್ಲ. ಈ ಪ್ರಶ್ನೆ ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಶಿಲುಬೆಯ ಹಚ್ಚೆ ಇದ್ದಮಾತ್ರಕ್ಕೆ ಧರ್ಮ ಬದಲಾಯಿತೆಂದು ಆ ಆದೇಶದಲ್ಲಿ ಎಲ್ಲೂ ಇಲ್ಲ. ಆದರೂ ಭಾನುವಾರ ಪ್ರಾರ್ಥನೆಗೆ ಹೋಗುವ, ಶಾಲೆಯ ದಾಖಲೆಯಲ್ಲಿ ಬೇರೆ ಬರೆದಿರುವ ಮನೆಯ ಹುಡುಗಿಗೆ ಮುಂಗೈ ಮೇಲಿನ ಆ ಎರಡು ಗೆರೆ ಎಷ್ಟು ಭಾರವಾದೀತೆಂಬುದನ್ನು ಊಹಿಸಬಹುದು. ಸರವನ್ನು ಸೆರಗಿನೊಳಗೆ ಮುಚ್ಚಬಹುದು, ಹಚ್ಚೆಯನ್ನು ತಹಸೀಲ್ದಾರ್ ಕಚೇರಿಯ ಕೌಂಟರಿನಲ್ಲಿ ಮುಚ್ಚುವುದು ಕಷ್ಟ. ಈಜಿಪ್ಟಿನಲ್ಲಿ, ಬೋಸ್ನಿಯಾದಲ್ಲಿ ಶಿಲುಬೆಯನ್ನು ಅಳಿಸಲಾಗದಂತೆ ಬರೆಸಿಕೊಂಡದ್ದು ಗುರುತು ಉಳಿಯಲಿ ಎಂದು. ಇಲ್ಲಿ ಅದೇ ಕಾರಣಕ್ಕೆ ಬರೆಸಿಕೊಳ್ಳಲು ಹೆದರುವವರಿದ್ದಾರೆ. ‘ಇಷ್ಟವಾದದ್ದನ್ನು ಆರಿಸಿಕೊಳ್ಳಿ’ ಎಂಬ ಸಲಹೆ ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದಿಲ್ಲ.

ಇನ್ನೂ ತೀರದ ಪ್ರಶ್ನೆಗಳು

ಕ್ರೈಸ್ತರಲ್ಲದವರು ಶಿಲುಬೆ ಬರೆಸಿಕೊಳ್ಳಬಹುದೇ ಎಂಬುದಕ್ಕೆ ಒಮ್ಮತವಿಲ್ಲ. ಅದು ಗೌರವವೇ ಎನ್ನುವ ಪಾದ್ರಿಗಳಿದ್ದಾರೆ, ನೋವುಣ್ಣದೆ ಗುರುತನ್ನಷ್ಟೇ ತೆಗೆದುಕೊಳ್ಳುವುದು ಸರಿಯಲ್ಲ ಎನ್ನುವ ವಿಶ್ವಾಸಿಗಳೂ ಇದ್ದಾರೆ. ತಿಳಿದು ಬರೆಸಿಕೊಂಡರೆ ತಪ್ಪಿಲ್ಲ, ಕೇಳಿದವರಿಗೆ ಎರಡು ಮಾತು ಹೇಳಲು ಬರಬೇಕು ಎಂಬುದು ನನ್ನ ನಿಲುವು. ಯಾಜಕಕಾಂಡದ ಆ ವಚನ ಶೋಕಾಚರಣೆಯ ಗಾಯಕ್ಕೆ ಮಾತ್ರವೋ, ಎಲ್ಲ ಗುರುತಿಗೂ ಅನ್ವಯವೋ ಎಂಬುದು ಪಂಡಿತರಲ್ಲಿ ತೀರ್ಮಾನವಾಗಿಲ್ಲ. ಓಟ್ಜಿಯ ಕೂಡುಗುರುತು ಮದ್ದೋ ಮಂತ್ರವೋ ಎಂಬುದೂ ಹಾಗೆಯೇ. ಎಳೆಯ ಮಕ್ಕಳ ಕೈಗೆ ತಂದೆ-ತಾಯಿ ಗುರುತು ಹಾಕಿಸುವುದು ರಕ್ಷಣೆಯೋ ಹೇರಿಕೆಯೋ ಎಂಬ ಪ್ರಶ್ನೆ ಕಾಪ್ಟಿಕ್ ಮನೆಗಳಷ್ಟೇ ನಮ್ಮ ಹಣಚಿ ಬೊಟ್ಟಿನ ಮನೆಗಳಿಗೂ ಸೇರಿದ್ದು.

ಇನ್ನೊಂದು ಕೆಲಸ ಉಳಿದಿದೆ, ಅದಕ್ಕೆ ಕಾಲಾವಕಾಶ ಕಡಿಮೆ. ಕೈಸೂಜಿಯಿಂದ ಹಚ್ಚೆ ಹಾಕಬಲ್ಲ ಕೊರವ ಅಜ್ಜಿಯರು ಈಗ ವಿರಳ. ತುಳಸಿ, ತೊಟ್ಟಿಲು, ಚುಕ್ಕೆಯ ಸಾಲುಗಳಿಗೆ ಅವರಲ್ಲಿದ್ದ ಹೆಸರುಗಳನ್ನೂ ಅರ್ಥಗಳನ್ನೂ ಬರೆದಿಟ್ಟದ್ದು ಸಾಲದು. ಜೆರುಸಲೇಮಿನ ಅಚ್ಚುಗಳಿಗೆ ಒಬ್ಬ ಕಾರ್ಸ್‌ವೆಲ್ ಸಿಕ್ಕಿದ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿಗೆಂದೇ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳ ಹಳ್ಳಿ-ತಾಂಡಾಗಳಿಗೆ ಹೋಗಿ, ಹಿರಿಯರ ಒಪ್ಪಿಗೆ ಪಡೆದು, ಅವರ ಮುಂಗೈಗಳ ಚಿತ್ರ ತೆಗೆದು, ಪ್ರತಿ ಗುರುತಿನ ಪಕ್ಕದಲ್ಲಿ ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳುವ ಕೆಲಸವನ್ನು ಈ ಸಂಸ್ಥೆಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲಿ.